ಒಂದು ರಾತ್ರಿಯ ಹೋಟೆಲ್ ರೂಮಿನ ದುಡ್ಡಿಗೆ ಮನೆಯ ಒಂದು ಮೂಲೆ

ಆಫೀಸಿನ ಕೆಲಸದ ಮೇಲೆ ಹೋದಾಗ ಒಂದು ರಾತ್ರಿ ದೊಡ್ಡ ಹೋಟೆಲಿನಲ್ಲಿ ಇಳಿದುಕೊಂಡಿದ್ದೆ. ಬಿಲ್ ನನ್ನದಲ್ಲ, ಕಂಪನಿಯದ್ದು. ಆದರೂ ಬೆಳಿಗ್ಗೆ ಸಹಿ ಹಾಕುವಾಗ ಮೊತ್ತ ನೋಡಿ ಎದೆ ಧಸಕ್ ಅಂದಿತು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಅಷ್ಟು ದುಡ್ಡಿಗೆ ನನಗೆ ಸಿಕ್ಕಿದ್ದೇನು? ರೂಮಿನಲ್ಲಿ ಗೋಡೆಯಗಲದ ಚಿತ್ರ ಇತ್ತು, ಆರು ದಿಂಬು ಇದ್ದವು, ಚಾವಣಿಯಿಂದ ಗಾಜಿನ ಗೊಂಚಲು ಇಳಿಬಿದ್ದಿತ್ತು. ಅದ್ಯಾವುದೂ ನೆನಪಿನಲ್ಲಿ ಉಳಿಯಲಿಲ್ಲ. ಉಳಿದದ್ದು ಕಿಟಕಿ ಪಕ್ಕದ ಕುರ್ಚಿ. ಸಂಜೆ ಏಳಕ್ಕೆ ಕೂತವನು ಹನ್ನೊಂದಕ್ಕೆ ಎದ್ದಿದ್ದೆ. ಅದರ ಪಕ್ಕದ ದೀಪ. ಸದ್ದಿಲ್ಲದೆ ಮುಚ್ಚಿಕೊಳ್ಳುವ ಬಾಗಿಲು. ಬೆಳಿಗ್ಗೆ ಬೆನ್ನಿಗೆ ಜೋರಾಗಿ ಬಿದ್ದ ಶವರ್ ನೀರು. ಇಷ್ಟೇ. ಮೈಗೆ ತಾಗಿದ್ದು, ಕಿವಿಗೆ ತಾಗದ್ದು.

ಹಾಗಾದರೆ ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದಲ್ವಾ? ಒಂದು ನಿಯಮ ಹಾಕಿಕೊಂಡೆ. ಆ ಒಂದು ರಾತ್ರಿಯ ಬಾಡಿಗೆ ಎಷ್ಟೋ, ನನ್ನ ಒಟ್ಟು ಖರ್ಚು ಅಷ್ಟೇ. ಅದರ ಮೇಲೆ ಒಂದು ಪೈಸೆಯೂ ಇಲ್ಲ. ಇದು ಆ ಐದು ವಾರಾಂತ್ಯಗಳ ದಿನಚರಿ. ಎಡವಟ್ಟುಗಳನ್ನೂ ಬಿಡದೆ ಬರೆದಿದ್ದೇನೆ. ಖರ್ಚಿನ ಅರ್ಧ ಹೋಗಿದ್ದು ಅವುಗಳಿಗೇ.

ಹೊರಡುವ ಮೊದಲು ಹೋಟೆಲಿನಲ್ಲೇ ಸುಮ್ನೆ ಕುತೂಹಲಕ್ಕೆ ಎರಡು ಅಳತೆ ತೆಗೆದುಕೊಂಡಿದ್ದು ಒಳ್ಳೆಯದಾಯಿತು. ದೀಪದ ಬಲ್ಬ್ ತಿರುಗಿಸಿ ಬೆಳಕಿನ ಬಣ್ಣದ ನಂಬರ್ ಓದಿದೆ: 2700 ಕೆಲ್ವಿನ್. ಕುರ್ಚಿಯ ಎತ್ತರ ಅಳೆಯಲು ಟೇಪ್ ಇರಲಿಲ್ಲ. ನನ್ನ ಗೇಣು ಸರಿಯಾಗಿ 9 ಇಂಚು. ನೆಲದಿಂದ ಮೆತ್ತೆಯ ಮೇಲಿನವರೆಗೆ ಎರಡು ಗೇಣಿಗೆ ಒಂದು ಬೆರಳು ಕಡಿಮೆ. ಅಂದರೆ ಸುಮಾರು 17 ಇಂಚು.

ಮೊದಲ ವಾರ: ಕುರ್ಚಿ ಬಿಚ್ಚಿದ್ದು

ಎದುರು ಮನೆಯವರು ಮನೆ ಖಾಲಿ ಮಾಡುವಾಗ ಒಂದು ಹಳೇ ಕೈಕುರ್ಚಿಯನ್ನು ಹೊರಗೆ ಇಟ್ಟಿದ್ದರು. ಮರದ್ದು. ಭಾರ ಇತ್ತು. ಕೂತರೆ ಎಡಕ್ಕೆ ವಾಲುತ್ತಿತ್ತು. ಮೆತ್ತೆಯ ಮಧ್ಯೆ ಹಳ್ಳ. ಕೇಳಿದೆ, ಕೊಟ್ಟರು. "ಹೊತ್ತುಕೊಂಡು ಹೋದರೆ ನಮಗೇ ಉಪಕಾರ" ಅಂದರು.

ಹಳೇ ಕುರ್ಚಿ ಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ಬಟ್ಟೆ, ಬಣ್ಣ, ಮೆತ್ತೆ ನೋಡಬೇಡಿ. ತಲೆಕೆಳಗು ಮಾಡಿ ಚೌಕಟ್ಟು ನೋಡಿ. ಉಗುರಿನಲ್ಲಿ ಒತ್ತಿದರೆ ಮರ ಒಳಗೆ ಹೋಗುತ್ತದಾ? ಸಣ್ಣ ಸಣ್ಣ ತೂತುಗಳಿಂದ ಹಿಟ್ಟಿನ ಹಾಗೆ ಪುಡಿ ಉದುರುತ್ತದಾ? ಹಾಗಿದ್ದರೆ ಹುಳ ಇನ್ನೂ ಒಳಗಿದೆ, ಬಿಟ್ಟುಬಿಡಿ. ನನ್ನದರಲ್ಲಿ ತೂತೂ ಇರಲಿಲ್ಲ, ಪುಡಿಯೂ ಇರಲಿಲ್ಲ.

ಬಿಚ್ಚುವುದಕ್ಕೇ ಇಡೀ ಶನಿವಾರ ಹೋಯಿತು. ಮೂರು ಪದರ ಬಟ್ಟೆ. ಒಂದು ಸಲ ಹಳತಾದ ಮೇಲೆ ಅದರ ಮೇಲೇ ಇನ್ನೊಂದು ಹೊಡೆದಿದ್ದಾರೆ, ಅದರ ಮೇಲೆ ಮತ್ತೊಂದು. ಚಪ್ಪಟೆ ಸ್ಕ್ರೂಡ್ರೈವರಿನಿಂದ ಪಿನ್ನು ಎಬ್ಬಿಸುವುದು, ಇಕ್ಕಳದಲ್ಲಿ ಎಳೆಯುವುದು. ಎಬ್ಬಿಸುವುದು, ಎಳೆಯುವುದು. ಹಳೇ ಡಬ್ಬಿಗೆ ಹಾಕುತ್ತಾ ಹೋದೆ. ಮುನ್ನೂರರ ತನಕ ಎಣಿಸಿ ಸುಸ್ತಾಗಿ ಬಿಟ್ಟೆ. ಹಳೇ ಬಟ್ಟೆ ಮಾತ್ರ ಎಸೆಯಬೇಡಿ. ಹೊಸದನ್ನು ಕತ್ತರಿಸುವಾಗ ಅದೇ ನಿಮ್ಮ ಅಚ್ಚು.

ವಾಲುತ್ತಿದ್ದ ಕಾರಣ ಆಗ ಕಂಡಿತು. ಎಡಗಡೆ ಮುಂಗಾಲಿನ ಕೀಲು ಸಡಿಲವಾಗಿತ್ತು. ಯಾರೋ ಪುಣ್ಯಾತ್ಮರು ಅದಕ್ಕೆ ಎರಡು ದಪ್ಪ ಮೊಳೆ ಹೊಡೆದಿದ್ದರು. ಮರದ ಕೀಲಿಗೆ ಮೊಳೆ ಹೊಡೆದರೆ ಎರಡು ದಿನ ಗಟ್ಟಿ ಇರುತ್ತದೆ, ಆಮೇಲೆ ಮೊಳೆಯೇ ಗರಗಸದ ಹಾಗೆ ತೂತನ್ನು ದೊಡ್ಡದು ಮಾಡುತ್ತದೆ. ಮೊಳೆಯ ತಲೆ ಸುತ್ತ ಚೂಪು ಉಳಿಯಿಂದ ಸ್ವಲ್ಪ ಮರ ಕೆರೆದು, ಇಕ್ಕಳಕ್ಕೆ ಹಿಡಿತ ಸಿಗುವ ಹಾಗೆ ಮಾಡಿ ಎಳೆದೆ. ಇಕ್ಕಳದ ಕೆಳಗೆ ಒಂದು ತೆಳು ಹಲಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮೊಳೆ ಬರುವಷ್ಟರಲ್ಲಿ ಮರದ ಮೇಲೆ ಇಕ್ಕಳದ ಗುರುತು ಬಿದ್ದಿರುತ್ತದೆ. ನನಗೆ ಒಂದು ಬಿತ್ತು.

ಕೀಲಿನೊಳಗೆ ಹಳದಿ ಗಾಜಿನಂತೆ ಗಟ್ಟಿಯಾದ ಅಂಟು. ಬಿಸಿನೀರಿನ ಬಟ್ಟೆ ಹತ್ತು ನಿಮಿಷ ಸುತ್ತಿಟ್ಟೆ. ಮೆತ್ತಗಾಗಿ ಜಿಗುಟಾಯಿತು. ಅಂದರೆ ಪ್ರಾಣಿಯ ಚರ್ಮ, ಮೂಳೆ ಬೇಯಿಸಿ ಮಾಡುತ್ತಿದ್ದ ಹಳೇ ಕಾಲದ ಅಂಟು. ಇದರ ದೊಡ್ಡ ಗುಣವೇ ಅದು, ಬಿಸಿನೀರಿಗೆ ಬಿಟ್ಟುಕೊಡುತ್ತದೆ. ಪೂರ್ತಿ ಕೆರೆದು ತೆಗೆದೆ. ಹಳೇ ಅಂಟಿನ ಮೇಲೆ ಈಗಿನ ಬಿಳಿ ಮರದಂಟು ಹಿಡಿಯುವುದಿಲ್ಲ. ಅದು ಮರದೊಳಗೆ ಇಳಿಯಬೇಕು, ಮರವೇ ಕಾಣದಿದ್ದರೆ ಎಲ್ಲಿಗೆ ಇಳಿಯೋದು?

ಎರಡನೇ ವಾರ: ಹಗ್ಗ, ಕೋಲು, ಮತ್ತೆ ಅರಗು

ಅಂಟು ಹಚ್ಚಿದ ಮೇಲೆ ಒತ್ತಿ ಹಿಡಿಯಲು ಉದ್ದದ ಕ್ಲ್ಯಾಂಪ್ ಬೇಕು. ನಾಲ್ಕು ಕೊಂಡರೆ ಬಜೆಟ್ಟಿನ ಕಾಲು ಭಾಗ ಮಂಗಮಾಯ. ಬದಲಿಗೆ ಹತ್ತಿ ಹಗ್ಗವನ್ನು ನಾಲ್ಕೂ ಕಾಲು ಬಳಸಿ ಎರಡು ಸುತ್ತು ಕಟ್ಟಿದೆ. ಎರಡು ಎಳೆಯ ಮಧ್ಯೆ ಒಂದು ಕೋಲು ತೂರಿಸಿ ತಿರುಗಿಸಿದೆ. ತಿರುಗಿಸಿದಷ್ಟೂ ಬಿಗಿ. ಕೋಲು ಬಿಚ್ಚಿಕೊಳ್ಳದ ಹಾಗೆ ಅಡ್ಡಪಟ್ಟಿಗೆ ಸಿಕ್ಕಿಸಿಟ್ಟರೆ ಮುಗೀತು. ಹಗ್ಗ ತಾಗುವ ಕಡೆ ಹಳೇ ಬಟ್ಟೆ ಮಡಚಿ ಇಡಬೇಕು. ಕೀಲಿನ ಅಂಚಿನಲ್ಲಿ ಸಣ್ಣ ಸಣ್ಣ ಹನಿಯಾಗಿ ಅಂಟು ಹೊರಗೆ ಬಂದರೆ ಸಾಕು. ಧಾರೆಯಾಗಿ ಸುರಿದರೆ ಹಚ್ಚಿದ್ದು ಜಾಸ್ತಿ. ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ. ಒಣಗಿದ ಅಂಟಿನ ಮೇಲೆ ಪಾಲಿಶ್ ಹಿಡಿಯುವುದಿಲ್ಲ, ಕಲೆ ಹಾಗೇ ಕಾಣುತ್ತದೆ.

ಇಲ್ಲೊಂದು ವಿಷಯ ಮರೆಯಬಾರದು. ಬಿಗಿ ಮಾಡಿದ ಕೂಡಲೇ ಕರ್ಣ ಅಳೆಯಿರಿ. ನನ್ನ ಚೌಕಟ್ಟು 22 ಇಂಚಿಗೆ 22 ಇಂಚು. ಮೂಲೆಯಿಂದ ಮೂಲೆಗೆ ಎರಡೂ ಕಡೆ 31 ಇಂಚಿನ ಮೇಲೆ ಒಂದು ಚೂರು ಬರಬೇಕು. ನನಗೆ ಒಂದು ಕಡೆ 31 ಇಂಚಿಗಿಂತ ಕಡಿಮೆ ಬಂತು, ಇನ್ನೊಂದು ಕಡೆ 31.5 ಹತ್ತಿರ. ಅಂದರೆ ಚೌಕ ಹೋಗಿ ಗಾಳಿಪಟ ಆಗಿದೆ. ಉದ್ದ ಇರುವ ಕರ್ಣದ ಮೂಲೆಗಳನ್ನು ಎರಡೂ ಕೈಯಲ್ಲಿ ತಬ್ಬಿ ಹಿಸುಕಿದೆ. ಸಮ ಬಂತು. ಒಂದು ದಿನ ಮುಟ್ಟದೆ ಬಿಟ್ಟೆ.

ಆಮೇಲೆ ಮರದ ಮೈ. ನಾನು ಮೊದಲು ಅಂದುಕೊಂಡಿದ್ದು ಇಡೀ ಕುರ್ಚಿಯನ್ನು ಉಜ್ಜಿ ಬಿಳಿ ಮರ ತೆಗೆಯಬೇಕು ಅಂತ. 80, 120, 180, 240 ನಂಬರಿನ ಸ್ಯಾಂಡ್ ಪೇಪರ್ ತಂದೂ ಇಟ್ಟಿದ್ದೆ. ಅದೃಷ್ಟಕ್ಕೆ ಮೊದಲೇ ಒಂದು ಪರೀಕ್ಷೆ ಮಾಡಿದೆ. ಹಿಂಗಾಲಿನ ಒಳಮೈಗೆ, ಯಾರಿಗೂ ಕಾಣದ ಕಡೆ, ಹತ್ತಿಯಲ್ಲಿ ಒಂದು ಹನಿ ಸ್ಪಿರಿಟ್ ಹಚ್ಚಿದೆ. ಅರ್ಧ ನಿಮಿಷಕ್ಕೆ ಅಲ್ಲಿ ಬೆರಳು ಅಂಟತೊಡಗಿತು. ಅಂದರೆ ಇದು ಅರಗಿನ ಪಾಲಿಶ್.

ಇದಕ್ಕಿಂತ ಒಳ್ಳೇ ಸುದ್ದಿ ಇಲ್ಲ. ಅರಗು ಅಂದರೆ ಮರದ ಕೊಂಬೆಯ ಮೇಲೆ ಅರಗಿನ ಹುಳ ಬಿಡುವ ರಾಳ. ಅದರ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಪಾಲಿಶ್. ಒಣಗಿದ ಮೇಲೂ ಸ್ಪಿರಿಟ್ ತಾಗಿದರೆ ಮತ್ತೆ ಕರಗುತ್ತದೆ. ಹಾಗಾಗಿ ಹೊಸ ಪದರ ಹಚ್ಚಿದರೆ ಹಳೇ ಪದರದೊಳಗೇ ಕರಗಿ ಒಂದಾಗುತ್ತದೆ. ಎಲ್ಲವನ್ನೂ ಕೆರೆಯುವ ಕೆಲಸವೇ ಇಲ್ಲ. 320 ನಂಬರಿನ ಪೇಪರಿನಲ್ಲಿ ಮರದ ಎಳೆ ಹೋದ ದಿಕ್ಕಿನಲ್ಲೇ ಮೆಲ್ಲಗೆ ಉಜ್ಜಿ, ಧೂಳು ಒರೆಸಿದರೆ ಸಾಕು. ಎಳೆಗೆ ಅಡ್ಡ ಉಜ್ಜಿದ ಗೀರು ಈಗ ಕಾಣುವುದಿಲ್ಲ, ಪಾಲಿಶ್ ಹಚ್ಚಿದ ಮೇಲೆ ಎದ್ದು ಕಾಣುತ್ತದೆ.

100 ಮಿಲಿಲೀಟರ್ ಸ್ಪಿರಿಟ್ಟಿಗೆ 12 ಗ್ರಾಂ ಚಕ್ಕೆ. ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಟ್ಟೆ, ಆಗಾಗ ಅಲ್ಲಾಡಿಸಿದೆ. ಬೆಳಿಗ್ಗೆಗೆ ಜೇನಿನ ಬಣ್ಣ. ಬೇಕಾದಷ್ಟೇ ಮಾಡಿಕೊಳ್ಳಿ. ತಿಂಗಳುಗಟ್ಟಲೆ ಇಟ್ಟರೆ ಹಚ್ಚಿದ ಮೇಲೆ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿಯೇ ಉಳಿಯುತ್ತದೆ. ಮತ್ತೆ ಕಿಟಕಿ ತೆಗೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ. ಅರಗಿನ ಮನೆಯ ಕತೆ ಚಿಕ್ಕಂದಿನಿಂದ ಕೇಳಿದ್ದೀವಲ್ಲ, ಅದೇ ಅರಗು. ಜೊತೆಗೆ ಸ್ಪಿರಿಟ್ ಬೇರೆ.

ಹಚ್ಚಲು ಬ್ರಶ್ ಬೇಡ. ಹತ್ತಿಯ ಉಂಡೆಯನ್ನು ಹಳೇ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಅದನ್ನು ಅದ್ದಿ, ಹೆಚ್ಚಿನದು ಹಿಂಡಿ, ಒಂದೇ ಸಮ ಎಳೆಯಿರಿ. ಮಧ್ಯದಲ್ಲಿ ನಿಲ್ಲಿಸಬಾರದು. ನಿಲ್ಲಿಸಿದ ಕಡೆ ಗಂಟು ಅಂಟಿಕೊಂಡು ಗಾಯ ಮಾಡುತ್ತದೆ. ವಿಮಾನ ಇಳಿದು ಹಾಗೇ ಮೇಲೇರಿದ ಹಾಗೆ ಕೈ ಓಡಬೇಕು. ಅರ್ಧ ಗಂಟೆಯಲ್ಲಿ ಒಣಗುತ್ತದೆ. ಒಂದು ದಿನಕ್ಕೆ ನಾಲ್ಕು ಪದರ ಆರಾಮಾಗಿ ಆಯಿತು.

ಐದನೆಯದು ಕೆಟ್ಟಿತು. ಭಾನುವಾರ ಸಂಜೆ ಮಳೆ ಹಿಡಿಯಿತು. ನಾನು ಆಸೆಗೆ ಬಿದ್ದು ಇನ್ನೊಂದು ಪದರ ಅಂತ ಹಚ್ಚಿದೆ. ಹತ್ತು ನಿಮಿಷದಲ್ಲಿ ಇಡೀ ಬೆನ್ನುಪಟ್ಟಿ ಮಂಜು ಹಿಡಿದ ಕನ್ನಡಿಯ ಹಾಗೆ ಬೆಳ್ಳಗಾಯಿತು. ನೋಡಿ ಹೊಟ್ಟೆ ತೊಳೆಸಿದಂತಾಯಿತು. ಸ್ಪಿರಿಟ್ ಬೇಗ ಆರುವಾಗ ಮರದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಪದರದೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅದೇ ಆ ಬಿಳುಪು. ಮರುದಿನ ಬಿಸಿಲು ಬಂತು. ಗಂಟಿಗೆ ಬರೀ ಸ್ಪಿರಿಟ್ಟು, ಅದೂ ಒದ್ದೆ ಅನ್ನಿಸದಷ್ಟು ಕಡಿಮೆ ಹಾಕಿ ಒಮ್ಮೆ ಸವರಿದೆ. ಪದರ ತುಸು ಕರಗಿ ತೇವ ಬಿಟ್ಟುಕೊಟ್ಟಿತು, ಬಿಳುಪು ಹೋಯಿತು. ಕುರ್ಚಿಯ ಬಲಗೈ ಕೆಳಗೆ ಹೆಬ್ಬೆರಳಷ್ಟು ಮಾತ್ರ ಉಳಿದಿದೆ. ಅದು ಹಾಗೇ ಇರಲಿ ಅಂತ ಬಿಟ್ಟೆ.

ಅರಗಿಗೆ ಬೆವರು ಆಗುವುದಿಲ್ಲ, ಬಿಸಿ ಲೋಟವೂ ಆಗುವುದಿಲ್ಲ. ಅದಕ್ಕೆ ಕುರ್ಚಿಯ ಕೈಗಳ ಮೇಲೆ ಮಾತ್ರ ಜೇನುಮೇಣದ ಪಾಲಿಶ್ ಸವರಿ, ಬಟ್ಟೆಯಲ್ಲಿ ಉಜ್ಜಿ ಹೊಳಪು ತಂದೆ. ಸಂಜೆ ಕೈಯಿಟ್ಟಾಗ ರೇಷ್ಮೆ ಮುಟ್ಟಿದ ಹಾಗೆ ಇತ್ತು.

ಮೂರನೇ ವಾರ: ತಕ್ಕಡಿಯಲ್ಲಿ ಸ್ಪಂಜು

ಕುರ್ಚಿಯ ಸುಖ ಇರುವುದು ಕಣ್ಣಿಗೆ ಕಾಣದ ಎರಡು ಕಡೆ: ಕೆಳಗಿನ ಪಟ್ಟಿ, ಮೇಲಿನ ಸ್ಪಂಜು.

ಪಟ್ಟಿಗೆ 2 ಇಂಚು ಅಗಲದ ಸೆಣಬಿನದು ತಂದೆ. ಚೌಕಟ್ಟಿನ ಒಳಗಿನ ಖಾಲಿ ಜಾಗ 20 ಇಂಚು. ಉದ್ದಕ್ಕೆ ಏಳು, ಅಡ್ಡಕ್ಕೆ ಏಳು, ನಡುವೆ ಮುಕ್ಕಾಲು ಇಂಚು ಬಿಟ್ಟರೆ ಲೆಕ್ಕ ಸರಿ ಕೂರುತ್ತದೆ. ಚಾಪೆ ಹೆಣೆದ ಹಾಗೆ ಒಂದರ ಮೇಲೆ, ಒಂದರ ಕೆಳಗೆ. ಮೊದಲೇ ಕತ್ತರಿಸಿಕೊಳ್ಳಬೇಡಿ, ಕೈಗೆ ಹಿಡಿತ ಸಿಗುವುದಿಲ್ಲ. ಒಂದು ತುದಿ ಮಡಚಿ ಐದು ಮೊಳೆ ಹೊಡೆಯಿರಿ. ಇನ್ನೊಂದು ಕಡೆ ಪಟ್ಟಿಯನ್ನು ಮರದ ತುಂಡಿಗೆ ಸುತ್ತಿ, ಆ ತುಂಡನ್ನು ಚೌಕಟ್ಟಿನ ಅಂಚಿಗೆ ಒರಗಿಸಿ ಸನ್ನೆಯ ಹಾಗೆ ಕೆಳಗೆ ಒತ್ತಿ. ಒತ್ತಿ ಹಿಡಿದಾಗಲೇ ಮೊಳೆ ಹೊಡೆದು, ಆಮೇಲೆ ಕತ್ತರಿಸಿ ಮಡಚಿ. ಬೆರಳಲ್ಲಿ ಬಡಿದರೆ ಢಬ್ ಅನ್ನಬೇಕು. ನನ್ನ ಮೊದಲ ಮೂರು ಪಟ್ಟಿ ಢಬ್ ಅನ್ನಲಿಲ್ಲ, ಬಿಚ್ಚಿ ಮತ್ತೆ ಹೊಡೆದೆ. 10 ಮೀಟರ್ ಸುರುಳಿಯಲ್ಲಿ ಒಂದು ಮೀಟರಿನಷ್ಟು ಉಳಿಯಿತು.

ಇನ್ನು ಸ್ಪಂಜು. ಮೊದಲು ಜಿಪುಣತನ ಮಾಡಿ ಹಳೇ ಹಾಸಿಗೆಯ ಸ್ಪಂಜು ಎರಡು ಪದರ ಹಾಕಿದೆ. ಕೂತ ಕೂಡಲೇ ಆಹಾ ಅನ್ನಿಸಿತು. ಐದು ದಿನಕ್ಕೆ ತಳ ಸೇರಿತು, ಪಟ್ಟಿಯ ಹೆಣಿಗೆ ಕುಂಡಿಗೆ ಎಣಿಸುವಷ್ಟು ತಿಳಿಯುತ್ತಿತ್ತು.

ಸ್ಪಂಜಿಗೆ ಡೆನ್ಸಿಟಿ ಅಂತ ಒಂದು ನಂಬರ್ ಇರುತ್ತದೆ. ಒಂದು ಘನ ಮೀಟರ್ ಸ್ಪಂಜು ಎಷ್ಟು ಕಿಲೋ ತೂಗುತ್ತದೆ ಅನ್ನೋದೇ ಅದು. ಮೆತ್ತಗೋ ಗಟ್ಟಿಯೋ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಎಷ್ಟು ವರ್ಷ ಹಳ್ಳ ಬೀಳದೆ ಬಾಳುತ್ತದೆ ಅನ್ನುವುದಕ್ಕೆ ಇದೆ. ದಿನಾ ಕೂರುವ ಕುರ್ಚಿಗೆ 40 ಇದ್ದರೆ ಒಳ್ಳೆಯದು. ಅಂಗಡಿಯವರು "ಇದು ನಲವತ್ತೇ ಸಾರ್" ಅಂದರು. ತಂದೆ. ಮನೆಗೆ ಬಂದ ಮೇಲೆ ಸುಮ್ನೆ ಅನುಮಾನ ಬಂದು ತೂಗಿದೆ.

ಲೆಕ್ಕ ಸುಲಭ. 22 ಇಂಚು, 22 ಇಂಚು, 4 ಇಂಚು ದಪ್ಪ. ಮೀಟರಿಗೆ ಇಳಿಸಿ ಗುಣಿಸಿದರೆ 0.0317 ಘನ ಮೀಟರ್. ಅದನ್ನು 40ರಿಂದ ಗುಣಿಸಿದರೆ 1.27 ಕಿಲೋ. ನನ್ನ ತುಂಡು ತೂಗಿದ್ದು 890 ಗ್ರಾಂ. ಅಂದರೆ 28 ಡೆನ್ಸಿಟಿ. ತಕ್ಕಡಿಯ ಫೋಟೋ ತೋರಿಸಿದೆ. ಅವರು ಎರಡು ಸಲ ನೋಡಿದರು, ಮಾತಾಡದೆ ಒಳಗೆ ಹೋಗಿ ಬೇರೆ ತುಂಡು ತಂದರು. ಅಲ್ಲೇ ತೂಗಿಸಿದೆ. 1 ಕಿಲೋ 260 ಗ್ರಾಂ. ಹೀಗಾಗಿ ನೀವು ಸ್ಪಂಜು ತರುವ ದಿನ ಜೇಬಿನಲ್ಲಿ ಈ ಲೆಕ್ಕ ಬರೆದಿಟ್ಟುಕೊಳ್ಳಿ. ಹೆಬ್ಬೆರಳಲ್ಲಿ ಒತ್ತಿ ನೋಡಿದರೆ ಎರಡೂ ಒಂದೇ ಥರ ಇದ್ದವು.

ಸ್ಪಂಜಿನ ಸುತ್ತ ಅರ್ಧ ಇಂಚಿನ ಪಾಲಿಯೆಸ್ಟರ್ ಹತ್ತಿ ಹಾಳೆ ಸುತ್ತಿದೆ. ಹೋಟೆಲಿನ ಮೆತ್ತೆ ಮೂಲೆಗಳಲ್ಲಿ ದುಂಡಗೆ, ಉಬ್ಬಿದ ಹಾಗೆ ಕಾಣುತ್ತದಲ್ಲ, ಅದರ ಗುಟ್ಟು ಇದೇ. ಬರೀ ಸ್ಪಂಜಿಗೆ ಬಟ್ಟೆ ಹಾಕಿದರೆ ಇಟ್ಟಿಗೆಗೆ ಹೊದಿಕೆ ಹಾಕಿದಂತೆ ಕಾಣುತ್ತದೆ.

ಬಟ್ಟೆಗೆ ಬಂದರೆ, ಥಾನಿನ ಕೊನೆಯ ತುಂಡು ಹುಡುಕಿದೆ. ಒಂದು ಕುರ್ಚಿಗೆ ಬೇಕಾಗುವುದೇ ಎರಡು ಮೀಟರ್. ಅಷ್ಟು ಚಿಕ್ಕ ತುಂಡು ಅಂಗಡಿಗೆ ಭಾರ, ನಮಗೆ ಲಾಭ. ಇಟ್ಟಿಗೆ ಕೆಂಪಿನ ವೆಲ್ವೆಟ್ ಸಿಕ್ಕಿತು. ಚೀಟಿಯಲ್ಲಿ ಮಾರ್ಟಿಂಡೇಲ್ 25,000 ಅಂತ ಇತ್ತು. ಉಣ್ಣೆ ಬಟ್ಟೆಯಿಂದ ಯಂತ್ರದಲ್ಲಿ ಉಜ್ಜುತ್ತಾ ಹೋಗುತ್ತಾರೆ, ಎಳೆ ಕಿತ್ತುಬರುವ ತನಕ ಎಷ್ಟು ಸಲ ಉಜ್ಜಬಹುದು ಅನ್ನುವ ಲೆಕ್ಕ ಅದು. ಮನೆಯಲ್ಲಿ ದಿನಾ ಕೂರುವುದಕ್ಕೆ ಇಷ್ಟು ಧಾರಾಳ ಸಾಕು.

ಹೊಲಿಗೆ ನನಗೆ ಬರುವುದಿಲ್ಲ. ಕತ್ತರಿಸುವುದಾದರೂ ನಾನೇ ಮಾಡೋಣ ಅಂತ ಹಳೇ ಬಟ್ಟೆಯ ಅಚ್ಚು ಇಟ್ಟು ಕತ್ತರಿಸಿ ಅಕ್ಕನ ಹತ್ತಿರ ಒಯ್ದೆ. ಅವಳು ತುಂಡುಗಳನ್ನು ಮೇಜಿನ ಮೇಲೆ ಹರಡಿ, ಅಂಗೈಯಲ್ಲಿ ಒಂದೊಂದನ್ನೂ ಸವರಿದಳು.

"ಲೋ, ಇದರ ರೋಮ ಯಾವ ಕಡೆಗಿದೆ ನೋಡಿದ್ಯೇನೋ?"

"ರೋಮ ಅಂದ್ರೆ ಏನಕ್ಕಾ?"

"ಬೆಕ್ಕಿನ ಬೆನ್ನು ಸವರಿದ್ದೀಯಲ್ಲ, ಹಾಗೆ. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ತಡೆಯುತ್ತೆ. ಮೇಲಿನ ತುಂಡು ಹೀಗೆ, ಮುಂದಿನ ಪಟ್ಟಿ ಹಾಗೆ ಕತ್ತರಿಸಿದ್ದೀಯ. ಹೊಲಿದ ಮೇಲೆ ಎರಡು ಬಣ್ಣ ಕಾಣುತ್ತೆ."

ಕಿಟಕಿ ಹತ್ತಿರ ಹಿಡಿದು ತೋರಿಸಿದಳು. ನಿಜ. ಒಂದೇ ಬಟ್ಟೆ, ಒಂದು ಇಟ್ಟಿಗೆ ಬಣ್ಣ, ಇನ್ನೊಂದು ಒಣಗಿದ ಕಂದು. ಅದೃಷ್ಟಕ್ಕೆ ಹಾಳಾಗಿದ್ದು ಮುಂದಿನ ಪಟ್ಟಿ ಒಂದೇ. ಉಳಿದ ಚೂರಿನಲ್ಲಿ ಮತ್ತೆ ತೆಗೆದಳು. ಕವರನ್ನು ಸ್ಪಂಜಿಗಿಂತ ಅರ್ಧ ಇಂಚು ಚಿಕ್ಕದಾಗಿ ಹೊಲಿದಳು. ಚಿಕ್ಕದಾದರೆ ಬಿಗಿಯಾಗಿ ಕೂರುತ್ತದೆ, ಸುಕ್ಕು ಬೀಳುವುದಿಲ್ಲ. ಹಿಂದುಗಡೆ ಉದ್ದಕ್ಕೂ ಜಿಪ್. "ಒಗೆಯೋದಕ್ಕಲ್ಲ, ಸ್ಪಂಜು ತೂರಿಸೋದಕ್ಕೆ" ಅಂದಳು. ಕೂಲಿ ಕೇಳಲಿಲ್ಲ. ಅವಳ ಹೊಲಿಗೆ ಯಂತ್ರದ ಪೆಡಲಿಗೆ ಹೊಸ ಬೆಲ್ಟ್ ಹಾಕಿಕೊಟ್ಟೆ.

ಮೆತ್ತೆ ಇಟ್ಟ ಮೇಲೆ ನೆಲದಿಂದ ಎತ್ತರ 17.5 ಇಂಚು. ಕೂತರೆ ಒಂದು ಇಂಚು ಇಳಿಯುತ್ತದೆ. ಹೋಟೆಲಿನ ಗೇಣಿನ ಲೆಕ್ಕಕ್ಕೆ ಹತ್ತಿರ ಬಂತು. ಆದರೆ ಕುರ್ಚಿ ಇನ್ನೂ ಟಕ್ ಟಕ್ ಅನ್ನುತ್ತಿತ್ತು. ಹಿಂಗಾಲು ಒಂದು ನೆಲಕ್ಕೆ ತಾಗುತ್ತಿರಲಿಲ್ಲ. ಉಳಿದ ಮೂರನ್ನು ಕತ್ತರಿಸುವ ತಪ್ಪು ಮಾಡಬೇಡಿ, ಅದು ಮುಗಿಯದ ಕತೆ. ಆ ಕಾಲಿನ ಕೆಳಗೆ ಒಂದು ನಾಣ್ಯ ತೂರಿಸಿದೆ, ನಿಂತಿತು. ನಾಣ್ಯದಷ್ಟೇ ದಪ್ಪದ ಚರ್ಮದ ಚೂರು ಅಂಟಿಸುವುದು ಅಂತ ಅಂದುಕೊಂಡೆ.

ನಾಲ್ಕನೇ ವಾರ: ಬೆಳಕು

ಕುರ್ಚಿಯನ್ನು ಮೂಲೆಗೆ ಇಟ್ಟು, ಟ್ಯೂಬ್‌ಲೈಟ್ ಹಾಕಿದೆ. ಆಸ್ಪತ್ರೆಯ ವೆಯ್ಟಿಂಗ್ ರೂಮ್. ಮೂರು ವಾರದ ಕೆಲಸ ಬೂದಿ ಬಣ್ಣಕ್ಕೆ ತಿರುಗಿತ್ತು.

ಆ ಟ್ಯೂಬು 6500 ಕೆಲ್ವಿನ್, ಅಂದರೆ ಮೋಡ ಕವಿದ ಹಗಲಿನ ನೀಲಿ ಬಿಳುಪು. ಹೋಟೆಲಿನದು 2700, ಹಳೇ ಗಾಜಿನ ಬಲ್ಬಿನ ಹಳದಿ. ನಂಬರ್ ಕಡಿಮೆಯಾದಷ್ಟೂ ಬೆಳಕು ಬೆಚ್ಚಗೆ. ಒಂದು 2700 ಬಲ್ಬ್ ತಂದೆ. ಮರ ಚೆಂದ ಕಂಡಿತು, ವೆಲ್ವೆಟ್ ಮಾತ್ರ ಇನ್ನೂ ಸಪ್ಪೆ. ಇಟ್ಟಿಗೆ ಕೆಂಪು ಹೋಗಿ ಮಣ್ಣಿನ ಕಂದು. ಮತ್ತೆ ರೋಮದ ತಪ್ಪಾ ಅಂತ ಅಕ್ಕನಿಗೆ ಫೋನ್ ಮಾಡುವವನಿದ್ದೆ.

ತಪ್ಪು ಇದ್ದದ್ದು ಇನ್ನೊಂದು ನಂಬರಿನಲ್ಲಿ. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ ಅಂತ ಬರೆದಿರುತ್ತಾರೆ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ. ಗರಿಷ್ಠ 100. ಸಾಮಾನ್ಯ ಎಲ್‌ಇಡಿ 80ರ ಸುತ್ತಮುತ್ತ. ಅದರಲ್ಲಿ ಮೊದಲು ಸೊರಗುವುದೇ ಕಡು ಕೆಂಪು. 90ಕ್ಕಿಂತ ಜಾಸ್ತಿ ಇರುವ ಬಲ್ಬ್ ಹುಡುಕಿ ಹಾಕಿದೆ. ಸ್ವಿಚ್ ಒತ್ತಿದ ಕೂಡಲೇ ಮಗಳು "ಅಪ್ಪಾ, ಕುರ್ಚಿ ಬದಲಾಯಿಸಿದ್ಯಾ?" ಅಂದಳು. ಬಲ್ಬಿನ ಬೆಲೆ ಸಾಧಾರಣದ್ದಕ್ಕಿಂತ ಎರಡು ಪಟ್ಟು. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡ ಬದಲಾವಣೆ ಬೇರೆ ಯಾವುದರಿಂದಲೂ ಆಗಲಿಲ್ಲ.

ದೀಪದ ಕಂಬ ಅಟ್ಟದ ಮೇಲಿತ್ತು, ವೈರ್ ಬಿರುಕು ಬಿಟ್ಟಿತ್ತು. ಪ್ಲಗ್ ಕಿತ್ತು ಪಕ್ಕಕ್ಕಿಟ್ಟ ಮೇಲೆಯೇ ಬಿಚ್ಚಿದೆ. 0.75 ಚದರ ಮಿಲಿಮೀಟರಿನ ಹೊಸ ವೈರ್ ಎಳೆದು, ಹೋಲ್ಡರಿನ ಒಳಗೆ ಒಂದು ಗಂಟು ಹಾಕಿದೆ. ಯಾರಾದರೂ ಎಡವಿ ವೈರ್ ಎಳೆದರೆ ಭಾರ ಗಂಟಿನ ಮೇಲೆ ಬೀಳಲಿ, ಸ್ಕ್ರೂ ಮೇಲೆ ಬೇಡ ಅಂತ. ನಿಮ್ಮ ಕಂಬ ಲೋಹದ್ದಾದರೆ ಅರ್ತಿಂಗ್ ಇರುವ ಮೂರು ಎಳೆಯ ವೈರೇ ಹಾಕಿ. ನನ್ನದು ಮರದ್ದು. ದೀಪದ ಟೋಪಿಯ ಕೆಳಅಂಚು ಎಲ್ಲಿ ಬರಬೇಕು? ಕುರ್ಚಿಯಲ್ಲಿ ಕೂತು ಕಣ್ಣಿನಿಂದ ನೆಲಕ್ಕೆ ಅಳೆಸಿದೆ: 42 ಇಂಚು. ಅಂಚು ಅಲ್ಲಿಗೇ. ಮೇಲಾದರೆ ಬಲ್ಬ್ ಕಣ್ಣಿಗೆ ಚುಚ್ಚುತ್ತದೆ, ಕೆಳಗಾದರೆ ಪುಟದ ಮೇಲೆ ಬೆಳಕು ಸಾಲದು.

ಬೆಳಕು ಹೆಚ್ಚು ಕಡಿಮೆ ಮಾಡಲು ಒಂದು ಡಿಮ್ಮರ್ ಹಾಕಿದ್ದು ದೊಡ್ಡ ಎಡವಟ್ಟು. ಬಲ್ಬ್ ಗುಂಯ್ ಅನ್ನುತ್ತಾ ಮಿಣುಕಿತು, ಹತ್ತು ದಿನಕ್ಕೆ ಸತ್ತಿತು. ಡಬ್ಬಿಯ ಮೇಲೆ 'ಡಿಮ್ಮಬಲ್' ಅಂತ ಇಲ್ಲದ ಎಲ್‌ಇಡಿಗೆ ಡಿಮ್ಮರ್ ಹಾಕಲೇಬಾರದು. ಆ 90ರ ಬಲ್ಬ್ ಎರಡನೇ ಸಲ ಕೊಂಡೆ, ಈ ಸಲ ಓದಿ. ಮಿಣುಕು ಕಣ್ಣಿಗೆ ಕಾಣದಿದ್ದರೂ ತಲೆನೋವು ಬರಿಸಬಹುದು. ಫೋನಿನ ಕ್ಯಾಮೆರಾ ಹಿಡಿದು ನೋಡಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡಿದರೆ ಬಲ್ಬ್ ಮಿಣುಕುತ್ತಿದೆ ಅಂತ ಅರ್ಥ.

ಇನ್ನೊಂದು ಬೆಳಕು ಪುಸ್ತಕದ ಕಪಾಟಿನ ತಲೆಯ ಮೇಲೆ, ಹಿಂದೆ, ಯಾರಿಗೂ ಕಾಣದ ಹಾಗೆ. 2 ಮೀಟರ್ ಎಲ್‌ಇಡಿ ಪಟ್ಟಿ, 12 ವೋಲ್ಟ್, ಮೀಟರಿಗೆ 10 ವಾಟ್. ಒಟ್ಟು 20 ವಾಟ್ ಆಯಿತು. ಅಡಾಪ್ಟರ್ 30 ವಾಟಿನದು ತಂದೆ. ಸರಿಯಾಗಿ 20ರದ್ದೇ ತಂದರೆ ಯಾವಾಗಲೂ ಏದುಸಿರು ಬಿಡುತ್ತಾ ಕಾಯುತ್ತದೆ. ಪಟ್ಟಿಯನ್ನು ಅಲ್ಯೂಮಿನಿಯಂ ಚಾನೆಲ್ಲಿಗೆ ಅಂಟಿಸಿದರೆ ಬಿಸಿ ಹೊರಹೋಗುತ್ತದೆ, ಬಾಳಿಕೆ ಬರುತ್ತದೆ. ಗೋಡೆಯಿಂದ ನಾಲ್ಕು ಇಂಚು ಈಚೆಗೆ ಇಟ್ಟೆ. ಗೋಡೆಗೇ ಒತ್ತಿಟ್ಟರೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಈಗ ಸಂಜೆ ಟ್ಯೂಬ್ ಹಾಕುವುದೇ ಇಲ್ಲ.

ಐದನೇ ವಾರ: ನೀರು, ಸದ್ದು

ಶವರ್ ವಿಷಯದಲ್ಲಿ ಮೊದಲು ಆಸೆಗೆ ಬಿದ್ದೆ. ಹತ್ತು ಇಂಚು ಅಗಲದ, ಮಳೆಯ ಹಾಗೆ ಸುರಿಯುತ್ತದೆ ಅನ್ನುವ ಶವರ್ ತಂದು ಹಾಕಿದೆ. ಮಳೆಯಲ್ಲ, ತೊಟ್ಟಿಕ್ಕುವ ಸೂರು. ಕಾರಣ ಸರಳ. ಮೇಲಿನ ಟ್ಯಾಂಕಿನ ನೀರಿನ ಮಟ್ಟ ಶವರಿಗಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಒತ್ತಡ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ನಮ್ಮದು 3 ಮೀಟರ್, ಅಂದರೆ 0.3 ಬಾರ್. ಇಷ್ಟು ಒತ್ತಡವನ್ನು ಇನ್ನೂರು ತೂತಿಗೆ ಹಂಚಿದರೆ ಇನ್ನೇನಾಗುತ್ತದೆ? ಪುಣ್ಯಕ್ಕೆ ಅಂಗಡಿಯವರು ವಾಪಸ್ ತೆಗೆದುಕೊಂಡರು.

ಹಳೇ ನಾಲ್ಕಿಂಚಿನ ಶವರನ್ನೇ ಬಿಚ್ಚಿ ನೋಡಿದೆ. ಅರ್ಧ ತೂತು ಸುಣ್ಣ ಕಟ್ಟಿ ಮುಚ್ಚಿಹೋಗಿದ್ದವು. ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಮುಳುಗಿಸಿಟ್ಟೆ. ಬುಳು ಬುಳು ಗುಳ್ಳೆ ಬಂತು. ಹುಳಿ ಸುಣ್ಣವನ್ನು ಕರಗಿಸುವಾಗ ಹೊರಡುವ ಗಾಳಿ ಅದು. ಒಂದು ಗಂಟೆ ಬಿಟ್ಟು ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದೆ. ಮೊದಲು 10 ಲೀಟರ್ ಬಕೆಟ್ ತುಂಬಲು 3 ನಿಮಿಷ 20 ಸೆಕೆಂಡ್ ಬೇಕಿತ್ತು. ಈಗ 1 ನಿಮಿಷ 25. ಬ್ಲೀಚಿಂಗ್ ಇರುವ ಯಾವುದನ್ನೂ ಇದರ ಜೊತೆ ಸೇರಿಸಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ, ಅಪಾಯ.

ಟವೆಲ್ ಹೊಸದು ಕೊಳ್ಳಲಿಲ್ಲ. ಒಗೆಯುವಾಗ ಸಾಫ್ಟನರ್ ಹಾಕುವುದನ್ನು ನಿಲ್ಲಿಸಿದೆ, ಅಷ್ಟೇ. ಅದು ಎಳೆಗಳ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ, ನೀರು ಹೀರಲು ಬಿಡುವುದಿಲ್ಲ. ನಾಲ್ಕೈದು ಒಗೆತದ ನಂತರ ಟವೆಲ್ ಮತ್ತೆ ಟವೆಲ್ ಆಯಿತು.

ಬಾಗಿಲಿಗೆ ಹಿಡಿದದ್ದು ಇಪ್ಪತ್ತು ನಿಮಿಷ. ಕೀಲಿನ ಕಡ್ಡಿ ಒಂದೊಂದಾಗಿ ತೆಗೆದು, ಒರೆಸಿ, ಪೆನ್ಸಿಲ್ ಸೀಸ ದಪ್ಪಗೆ ಉಜ್ಜಿ ವಾಪಸ್ ತೂರಿಸಿದೆ. ಎಣ್ಣೆಯಾದರೆ ಧೂಳು ಹಿಡಿದು ಮತ್ತೆ ಕಿರುಗುಡುತ್ತದೆ. ಚೌಕಟ್ಟಿಗೆ ಬಾಗಿಲು ಬಡಿಯುವ ಎರಡು ಕಡೆ ಫೆಲ್ಟ್ ಬಟ್ಟೆಯ ಚೂರು ಅಂಟಿಸಿದೆ. ಇಷ್ಟು ವರ್ಷ ಯಾಕೆ ಮಾಡಿರಲಿಲ್ಲವೋ ಗೊತ್ತಿಲ್ಲ.

ಲೆಕ್ಕ

ಒಂದು ರಾತ್ರಿಯ ಬಾಡಿಗೆಯನ್ನು ನೂರು ಪಾಲು ಅಂದುಕೊಂಡರೆ ಸ್ಪಂಜು ಮತ್ತು ಹತ್ತಿ ಹಾಳೆಗೆ 24, ಬಟ್ಟೆಗೆ 19, ಬಲ್ಬುಗಳು, ಎಲ್‌ಇಡಿ ಪಟ್ಟಿ, ಅಡಾಪ್ಟರ್ ಸೇರಿ 27, ಅರಗು, ಸ್ಪಿರಿಟ್, ಮೇಣ, ಅಂಟು, ಪೇಪರ್ 11, ಸೆಣಬಿನ ಪಟ್ಟಿ ಮತ್ತು ಮೊಳೆ 6, ವೈರ್, ಬೆಲ್ಟ್, ಚಿಲ್ಲರೆ 5. ಒಟ್ಟು 92. ಇದರಲ್ಲಿ ಸತ್ತ ಬಲ್ಬ್, ಕೆಲಸಕ್ಕೆ ಬಾರದ ಡಿಮ್ಮರ್, ಮುಟ್ಟದೇ ಉಳಿದ ಸ್ಯಾಂಡ್ ಪೇಪರ್ ಎಲ್ಲ ಸೇರಿವೆ. ಎಡವಟ್ಟುಗಳಿಗೆ ಅರ್ಧ ಖರ್ಚು ಅಂತ ಮೇಲೆ ಬರೆದೆನಲ್ಲ, ಅದು ಸಿಟ್ಟಿನಲ್ಲಿ. ಕೂಡಿಸಿ ನೋಡಿದರೆ 14 ಅಷ್ಟೇ.

ಉಳಿದ 8 ಪಾಲನ್ನು ಕಾಲುಮಣೆಗೆ ಅಂತ ಎತ್ತಿಟ್ಟಿದ್ದೇನೆ. ಅಡ್ಡಹಲಗೆಗಳ ಒಂದು ಹಳೇ ಪೆಟ್ಟಿಗೆ ಇದೆ, ಸೆಣಬಿನ ಪಟ್ಟಿ ಇನ್ನೊಂದು ಮೀಟರ್ ಸಾಲದೆ ಬರುತ್ತಿದೆ. ಅಳತೆ ತೆಗೆಯೋಣ ಅಂತ ಕಾಲು ಚಾಚಿ ಕೂರಲು ಹೋದರೆ ಕುರ್ಚಿ ಖಾಲಿ ಇರುವುದಿಲ್ಲ. ಮಗಳು ಶಾಲೆಯಿಂದ ಬಂದವಳೇ ಅದರಲ್ಲಿ ಕಾಲು ಮಡಚಿ ಕೂತು, ಊಟಕ್ಕೆ ಕರೆದರೂ ಏಳುವುದಿಲ್ಲ. ಹಿಂಗಾಲಿನ ಕೆಳಗೆ ಚರ್ಮದ ಚೂರು ಇನ್ನೂ ಅಂಟಿಸಿಲ್ಲ. ನಾಣ್ಯವೇ ಇದೆ.